ಮೇಷ್ಟ್ರ ಕಂಪ್ಯೂಟರ್‌ಗೆ ಒಂದು ಬೀಗ

ಇದು ಅರಸೀಕೆರೆಯ ನಮ್ಮ ಮನೆ ಹಾಲ್. ಟಿವಿ ಪಕ್ಕದಲ್ಲಿ ಕ್ರೋಷಾ ಬಟ್ಟೆ ಹೊದ್ದುಕೊಂಡು ಕೂತಿದೆಯಲ್ಲ, ಅದೇ ಅಪ್ಪನ ಕಂಪ್ಯೂಟರ್. ಅಪ್ಪ ರಿಟೈರ್ಡ್ ಮೇಷ್ಟ್ರು. ನಮ್ಮ ಬೀದಿಯಲ್ಲಿ ಪ್ರಿಂಟರ್ ಇರುವುದು ಇವರ ಹತ್ತಿರ ಮಾತ್ರ, ಹಾಗಾಗಿ ಪಹಣಿ, ರೈಲು ಟಿಕೆಟ್, ಮಕ್ಕಳ ಪ್ರಾಜೆಕ್ಟು, ಎಲ್ಲಾ ಇಲ್ಲಿಗೇ ಬರುತ್ತದೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಮೇಲೆ ಕಾಫಿ ಬೇರೆ.

ಹಬ್ಬಕ್ಕೆ ಬಂದವಳು ಸುಮ್ನೆ ಕಾಲು ಚಾಚಿಕೊಂಡು ಕೂತಿದ್ದೆ. ಎದುರು ಮನೆ ಹುಡುಗ ಹಾಲ್ ಟಿಕೆಟ್ ಪ್ರಿಂಟ್ ತೆಗೆಯಲು ಬಂದ, ಅಪ್ಪ ಹಿತ್ತಲಲ್ಲಿದ್ದರು, ಅವನೇ ಆನ್ ಮಾಡಿಕೊಂಡು ಅವನೇ ಪ್ರಿಂಟ್ ತೆಗೆದುಕೊಂಡು ಹೊರಟ. ಚಪ್ಪಲಿ ಮೆಟ್ಟುತ್ತಾ ಕೂಗಿ ಹೇಳಿದ, "ಮೇಷ್ಟ್ರೇ, ನಿಮ್ಮ ಎಫ್‌ಡಿ ಮುಂದಿನ ತಿಂಗಳು ಮುಗಿಯುತ್ತೆ, ನೆನಪಿರಲಿ!" ಹಿತ್ತಲಿಂದ ಅಪ್ಪ, "ಹೌದಲ್ವಾ, ಹೇಳಿದ್ದು ಒಳ್ಳೇದಾಯ್ತು ಕಣಪ್ಪ."

ಬಾಯಿಗೆ ಹೋಗುತ್ತಿದ್ದ ಚಕ್ಕುಲಿ ನನ್ನ ಕೈಯಲ್ಲೇ ನಿಂತಿತು.

ಹುಡುಗ ಒಳ್ಳೆಯವನೇ. ಪಾಪ, ಪಿಡಿಎಫ್ ಹುಡುಕುವಾಗ ಬ್ಯಾಂಕಿನ ಕಾಗದ ಕಣ್ಣಿಗೆ ಬಿದ್ದಿದೆ, ಅಷ್ಟೇ. ಆದರೆ ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಯವರು 'ಅಡ್ಮಿನ್' ಅಂತ ಒಂದೇ ಅಕೌಂಟ್ ಮಾಡಿ, ಪಾಸ್‌ವರ್ಡೇ ಇಡದೆ ಕೊಟ್ಟುಬಿಟ್ಟಿದ್ದಾರೆ. ಬಟನ್ ಒತ್ತಿದರೆ ನೇರ ಡೆಸ್ಕ್‌ಟಾಪ್.

ಅಪ್ಪ ಒಪ್ಪಲಿಲ್ಲ. "ಮನೆಗೆ ಬಂದವರ ಎದುರು ಪಾಸ್‌ವರ್ಡ್ ಹಾಕೋದು ಚೆನ್ನಾಗಿರುತ್ತಾ ಪುಟ್ಟಿ? ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ." ಈ ಮಾತು ನನಗೆ ನಿಜಕ್ಕೂ ತಟ್ಟಿತು. ಸೆಕ್ಯುರಿಟಿ ವಿಡಿಯೋಗಳಲ್ಲಿ ಎಲ್ಲರೂ ಹ್ಯಾಕರ್ ಹ್ಯಾಕರ್ ಅನ್ನುತ್ತಾರೆ, ಮನೆಗೆ ಬರುವ ನೆಂಟರ ವಿಷಯ ಯಾರೂ ಎತ್ತುವುದಿಲ್ಲ. ಅದಕ್ಕೆ ನಾನಂದೆ, "ಬಂದವರಿಗೆ ಅವರದೇ ಬಾಗಿಲು ಮಾಡೋಣ ಅಪ್ಪಾ, ನಿಮ್ಮದು ನಿಮಗೆ." ಅದಕ್ಕೆ "ಹ್ಞೂಂ" ಅಂದರು.

ಸರಿ, ಸ್ಕ್ರೀನ್ ನೋಡಿ. ವಿಂಡೋಸ್ 11 ಹೋಮ್. ಸೆಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್. ಮೊದಲು ಪಾಸ್‌ವರ್ಡ್. ಇದು ಉದ್ದ ಇರಲಿ ಅಂತ, ಅಪ್ಪ ಪಾಠ ಮಾಡಿದ ನಾಲ್ಕು ಊರುಗಳ ಹೆಸರು ಸಾಲಾಗಿ ಬರೆದೆವು. ಕೆಳಗೆ ಹಿಂಟ್ ಕೇಳುತ್ತದೆ. ಅಲ್ಲಿ 'ಊರುಗಳು' ಅಂತ ಬರೆಯಬೇಡಿ, ತಪ್ಪು ಪಾಸ್‌ವರ್ಡ್ ಹೊಡೆದ ಯಾರಿಗೆ ಬೇಕಾದರೂ ಆ ಹಿಂಟ್ ಕಾಣುತ್ತದೆ.

ಆಮೇಲೆ ಸೆಕ್ಯುರಿಟಿ ಪ್ರಶ್ನೆಗಳು. ಇಲ್ಲಿ ನಗು ತಡೆಯಲಾಗಲಿಲ್ಲ. ಮೊದಲು ಸಾಕಿದ ಪ್ರಾಣಿಯ ಹೆಸರು, ಹುಟ್ಟಿದ ಊರು, ಚಿಕ್ಕಂದಿನ ಅಡ್ಡ ಹೆಸರು, ಮೊದಲು ಓದಿದ ಶಾಲೆ, ಇಂಥವೇ. ಮೂರನ್ನು ಆರಿಸಿ ಉತ್ತರ ಬರೆಯಬೇಕು. ಒಂದಂತೂ, 'ನಿಮ್ಮ ತಂದೆ ತಾಯಿ ಭೇಟಿಯಾದ ಊರು ಯಾವುದು?' ಅಪ್ಪ ಕನ್ನಡಕ ಮೇಲೆ ಮಾಡಿ ಓದಿ, "ಭೇಟಿ ಎಲ್ಲಿ ಬಂತು, ಧಾರೆ ದಿನವೇ ಮುಖ ನೋಡಿದ್ದು" ಅಂದರು. ತಮಾಷೆ ಬಿಡಿ, ಈ ಉತ್ತರಗಳೆಲ್ಲ ನಮ್ಮ ಬೀದಿಗೇ ಗೊತ್ತು. ಅಪ್ಪನ ಅಡ್ಡ ಹೆಸರು ಹಾಲು ಹಾಕುವವರಿಗೂ ಗೊತ್ತು. ಪಾಸ್‌ವರ್ಡ್ ಮರೆತರೆ ಹೊಸದು ಇಟ್ಟುಕೊಳ್ಳಲು ಈ ಮೂರು ಉತ್ತರ ಸಾಕು ಅಂದಮೇಲೆ ನಿಜ ಬರೆದರೆ ಕೆಟ್ಟಿರಿ. ಸುಳ್ಳು ಬರೆಯಿರಿ. ಹುಟ್ಟಿದ ಊರು 'ಮೆಂತ್ಯ' ಅಂತಿರಲಿ. ಬರೆದ ಸುಳ್ಳನ್ನು ಒಂದು ಚೀಟಿಯಲ್ಲಿ ಬರೆದು ಬೀರುವಿನಲ್ಲಿ ಇಡಿ. ಅಪ್ಪನಿಗೆ ಸುಳ್ಳು ಬರೆಸಲು ಅರ್ಧ ಗಂಟೆ ಹಿಡಿಯಿತು.

ದಿನಾ ಒಳಗೆ ಹೋಗಲು ಪಿನ್. ನಾಲ್ಕಂಕಿ ಪಿನ್ ಪಾಸ್‌ವರ್ಡ್‌ಗಿಂತ ಸಡಿಲ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಪಿನ್ ಈ ಒಂದು ಕಂಪ್ಯೂಟರ್‌ನಲ್ಲಿ ಮಾತ್ರ ನಡೆಯುತ್ತದೆ. ಟಿಪಿಎಂ ಅಂತ ಒಂದು ಚಿಪ್ ಅದನ್ನು ಕಾಯುತ್ತದೆ, ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಇರಲೇಬೇಕು ಅಂದದ್ದು ಇಂಥದ್ದಕ್ಕೇ. ಮತ್ತೆ ಮತ್ತೆ ತಪ್ಪು ಹೊಡೆದರೆ ಮೊದಲು 'ಎ1ಬಿ2ಸಿ3' ಅಂತ ಟೈಪ್ ಮಾಡಿಸುತ್ತದೆ, ಆಮೇಲೆ ರೀಸ್ಟಾರ್ಟ್ ಮಾಡು ಅನ್ನುತ್ತದೆ. ಅಪ್ಪ 1234 ಹೊಡೆದರು, ವಿಂಡೋಸೇ ಬೇಡ ಅಂದಿತು. ಹುಟ್ಟಿದ ಇಸವಿಗೆ ಅದು ಬೇಡ ಅನ್ನುವುದಿಲ್ಲ, ನಾನೇ ಬೇಡ ಅಂದೆ. ಆರಂಕಿಯದು ಇಟ್ಟೆವು.

ಈಗ ಬಂದವರ ಬಾಗಿಲು. ಅಕೌಂಟ್ಸ್‌ನಲ್ಲಿ ಅದರ್ ಯೂಸರ್ಸ್, ಆಡ್ ಅಕೌಂಟ್. ಮೈಕ್ರೋಸಾಫ್ಟ್ ಐಡಿ ಕೇಳುತ್ತದೆ, ಈ ವ್ಯಕ್ತಿಯ ವಿವರ ನನ್ನ ಹತ್ತಿರ ಇಲ್ಲ ಅನ್ನುವ ಸಾಲು ಒತ್ತಿ, ಆಮೇಲೆ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಸೇರಿಸು ಅನ್ನುವುದನ್ನು ಒತ್ತಿ. ಹೆಸರು 'ಪ್ರಿಂಟ್'. ಪಾಸ್‌ವರ್ಡ್ ಖಾಲಿ ಬಿಟ್ಟೆ, ಬೇಕೆಂದೇ. ಇದು ತಾನಾಗಿಯೇ ಸ್ಟ್ಯಾಂಡರ್ಡ್ ಅಕೌಂಟ್ ಆಗುತ್ತದೆ, ಅಂದರೆ ಇದರಲ್ಲಿ ಕೂತವರು ಇಡೀ ಕಂಪ್ಯೂಟರ್‌ಗೆ ಸಾಫ್ಟ್‌ವೇರ್ ಹಾಕಲು ಹೋದರೆ ಅಪ್ಪನ ಪಿನ್ ಕೇಳುತ್ತದೆ, ಅಪ್ಪನ ಡಾಕ್ಯುಮೆಂಟ್ಸ್ ಫೋಲ್ಡರ್ ತೆರೆಯುವುದಿಲ್ಲ, ಬ್ರೌಸರ್‌ನಲ್ಲಿ ಅಪ್ಪನ ಮೇಲ್ ಇರುವುದಿಲ್ಲ.

ಮುಗೀತು ಅಂದುಕೊಂಡು ಒಂದು ಸಲ 'ಪ್ರಿಂಟ್' ಒಳಗೆ ಹೋಗಿ ನೋಡಿದೆ. ಆ ಎಫ್‌ಡಿ ಕಾಗದ ಹಾಗೇ ತೆರೆಯಿತು!

ಯಾಕೆ ಗೊತ್ತಾ? ಅಂಗಡಿಯವರು ಡಿಸ್ಕನ್ನು ಸಿ, ಡಿ ಅಂತ ಎರಡು ಭಾಗ ಮಾಡಿದ್ದಾರೆ, ಅಪ್ಪ ಎಲ್ಲಾ ಡಿ ಡ್ರೈವ್‌ನಲ್ಲಿ ತುಂಬಿದ್ದಾರೆ. ಅಕೌಂಟ್ ಬೇರೆ ಮಾಡಿದರೆ ಸಿ ಡ್ರೈವ್‌ನಲ್ಲಿ ಅವರವರ ಹೆಸರಿನ ಫೋಲ್ಡರ್‌ಗೆ ಮಾತ್ರ ಕಾವಲು. ಡಿ ಡ್ರೈವ್ ಎಂದಿನಂತೆ ಎಲ್ಲಾ ಅಕೌಂಟ್‌ಗೂ ತೆರೆದೇ ಇರುತ್ತದೆ, ಓದಬಹುದು, ಅಳಿಸಲೂಬಹುದು. ನಿಮ್ಮ ಮನೆಯಲ್ಲೂ ಎರಡು ಅಕೌಂಟ್ ಇದ್ದರೆ ಇದೊಂದನ್ನು ನೋಡಿಬಿಡಿ. ಬ್ಯಾಂಕು, ಪೆನ್ಷನ್ನು, ಜಮೀನಿನ ಸ್ಕ್ಯಾನು ಎಲ್ಲವನ್ನೂ ಅಪ್ಪನ ಡಾಕ್ಯುಮೆಂಟ್ಸ್‌ಗೆ ಸಾಗಿಸಿದೆ. ಮದುವೆ ಫೋಟೋಗಳ ಒಂದು ಕಾಪಿ ಪೆನ್‌ಡ್ರೈವ್‌ಗೆ ಹಾಕಿಟ್ಟು, ಫೋಟೋಗಳನ್ನು ಡಿ ಡ್ರೈವ್‌ನಲ್ಲೇ ಬಿಟ್ಟೆ, ನೋಡುವವರು ನೋಡಲಿ.

ಸ್ಕ್ರೀನ್ ಸೇವರ್ 5 ನಿಮಿಷಕ್ಕೆ ಇಟ್ಟು, ಎದ್ದಾಗ ಲಾಗಿನ್ ಸ್ಕ್ರೀನ್ ತೋರಿಸು ಅನ್ನುವಲ್ಲಿ ಟಿಕ್ ಹಾಕಿದೆ. ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿದರೆ ಪರದೆಗೆ ಬೀಗ, ಅಷ್ಟೇ.

ಇನ್ನೊಂದಿದೆ. ಸ್ಟಾರ್ಟ್‌ನಲ್ಲಿ ಎನ್, ಇ, ಟಿ, ಪಿ, ಎಲ್, ಡಬ್ಲ್ಯೂ, ಐ, ಝಡ್ ಅಂತ ಹೊಡೆದರೆ ಹಳೇ ಕಾಲದ ಒಂದು ಕಿಟಕಿ ಬರುತ್ತದೆ. ಅಡ್ವಾನ್ಸ್ಡ್‌ನಲ್ಲಿ ಟಿಕ್ ಹಾಕಿದರೆ, ಲಾಗಿನ್‌ಗೆ ಮುಂಚೆ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಲೇಬೇಕು. ಐಬಿಎಂನ ಡೇವಿಡ್ ಬ್ರಾಡ್ಲಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಲು ಮಾಡಿಕೊಂಡಿದ್ದ ಕೀಗಳಿವು. 1993ರ ವಿಂಡೋಸ್ ಎನ್‌ಟಿಯಲ್ಲಿ ಲಾಗಿನ್‌ಗೆ ಬಂದವು. ಈ ಮೂರು ಕೀ ಒತ್ತಿದ್ದು ನೇರ ವಿಂಡೋಸ್‌ಗೇ ಹೋಗುತ್ತದೆ, ಮಧ್ಯದಲ್ಲಿ ಬೇರೆ ಪ್ರೋಗ್ರಾಂ ಹಿಡಿಯಲಾಗುವುದಿಲ್ಲ, ಹಾಗಾಗಿ ನಕಲಿ ಲಾಗಿನ್ ಪರದೆ ಇಟ್ಟು ಪಾಸ್‌ವರ್ಡ್ ಕದಿಯುವ ಆಟ ನಡೆಯದು. ಬುದ್ಧಿವಂತಿಕೆ ಹೌದು, ಆದರೆ ಅಪ್ಪನ ಬೆರಳಿಗೆ ಮೂರು ಕೀ ಒಟ್ಟಿಗೆ ಸಿಗಲಿಲ್ಲ. ಟಿಕ್ ತೆಗೆದೆ. ಆಫೀಸಿಗೆ ಸರಿ, ಹಾಲ್‌ಗೆ ಇಷ್ಟು ಬೇಡ.

ಯಾರಾದರೂ ಡಿಸ್ಕನ್ನೇ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೆ ಈ ಪಿನ್ ಕೆಲಸಕ್ಕೆ ಬರುವುದಿಲ್ಲ, ಅದಕ್ಕೆ ಡಿವೈಸ್ ಎನ್‌ಕ್ರಿಪ್ಷನ್, ಅಂದರೆ ಡಿಸ್ಕಿನಲ್ಲಿರುವುದನ್ನು ಕೀ ಇಲ್ಲದೆ ಓದಲಾಗದ ಹಾಗೆ ಮಾಡುವ ಏರ್ಪಾಡು ಬೇಕು. ಅದರ 48 ಅಂಕಿಯ ರಿಕವರಿ ಕೀ ಕಥೆಯೇ ಬೇರೆ, ಮುಂದಿನ ಸಲ ಊರಿಗೆ ಬಂದಾಗ ಮಾಡುತ್ತೇನೆ.

ಸಂಜೆ ಅದೇ ಹುಡುಗ ಮತ್ತೆ ಬಂದ. ಎರಡು ಹೆಸರು ನೋಡಿ, ಕೇಳದೆಯೇ 'ಪ್ರಿಂಟ್' ಒತ್ತಿ ಕೆಲಸ ಮುಗಿಸಿಕೊಂಡು ಹೋದ. ಅಪ್ಪ ನನ್ನ ಕಡೆ ನೋಡಲೇ ಇಲ್ಲ, ಪೇಪರ್ ಓದುತ್ತಿದ್ದ ಹಾಗೆ ಕೂತಿದ್ದರು.

ಈಗ ಬರುವ ಕ್ಲಿಪ್‌ನಲ್ಲಿ ಅಪ್ಪ ಮೊದಲ ಸಲ ತಾವೇ ಲಾಗಿನ್ ಆಗುತ್ತಾರೆ. ಸೌಂಡ್ ಇಲ್ಲ ಅಂತ ಮೊಬೈಲ್ ಅಲ್ಲಾಡಿಸಬೇಡಿ, ನಾನೇ ಕಟ್ ಮಾಡಿದ್ದು. ಮೇಷ್ಟ್ರು ಒಂದೊಂದು ಅಂಕಿಯನ್ನೂ ಹಿಂದಿನ ಬೆಂಚಿಗೆ ಕೇಳಿಸುವ ಹಾಗೆ ಹೇಳಿಕೊಂಡು ಪಿನ್ ಒತ್ತುತ್ತಿದ್ದಾರೆ.