ಲೈಬ್ರರಿ ಅಕ್ಕ ಬರೀ ಬೀಗ ತೆಗೆಯುವವರಲ್ಲ

ತೀರ್ಥಹಳ್ಳಿ ಕಡೆಯ ಒಂದು ಪಂಚಾಯಿತಿ ಲೈಬ್ರರಿ. ಆಷಾಢದ ಮಳೆ. ಮೂರು ದಿನದಿಂದ ಕರೆಂಟಿಲ್ಲ. ಕಿಟಕಿ ಪಕ್ಕದ ಬೆಂಚಿನ ಮೇಲೆ ಪುಸ್ತಕಗಳನ್ನು ಸಾಲಾಗಿ ಹರವಿಕೊಂಡು ಅಲ್ಲಿನ ಅಕ್ಕ ಕೂತಿದ್ದರು. ಒಂದೊಂದನ್ನೇ ಎತ್ತುವುದು, ಒಣ ಬಟ್ಟೆಯಲ್ಲಿ ರಟ್ಟಿನ ಬೂಷ್ಟು ಒರೆಸುವುದು, ಹಾಳೆ ಬಿಡಿಸಿ ಗಾಳಿಗೆ ನಿಲ್ಲಿಸುವುದು. ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಬರುವುದು ಮಲೆನಾಡಿನವರಿಗೆ ಗೊತ್ತೇ ಇದೆ. ಪುಸ್ತಕವನ್ನೂ ಅದು ಬಿಡುವುದಿಲ್ಲ. ಯಾರೂ ಮುಟ್ಟದ ಪುಸ್ತಕ ಇಲ್ಲಿ ಜಾಸ್ತಿ ದಿನ ಬಾಳುವುದಿಲ್ಲ.

ನಾನು ಸುಮ್ನೆ ಪೇಪರ್ ಓದಲು ಹೋಗಿದ್ದೆ. ಆಗ ಒಬ್ಬ ಹುಡುಗ ಕೊಡೆ ಮಡಚುತ್ತಾ ಒಳಗೆ ಬಂದ. ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲು ಊರಿಗೆ ಬಂದವನು. ಅಡಿಕೆಗೆ ಕೊಳೆ ರೋಗ ಶುರುವಾಗಿತ್ತು.

"ಅಕ್ಕಾ, ಔಷಧಿ ಹೊಡೆಸಬೇಕು. ಮೊಬೈಲಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳ್ತಾರೆ. ಬರೆದಿದ್ದು ಏನಾದ್ರೂ ಇದ್ಯಾ?"

ಅಕ್ಕ ಎದ್ದು ಹಳೇ ಕೃಷಿ ಪತ್ರಿಕೆಗಳ ಕಟ್ಟು ಬಿಚ್ಚಿದರು. ಐದು ನಿಮಿಷವೂ ಆಗಲಿಲ್ಲ, ಬೇಕಾದ ಪುಟ ಸಿಕ್ಕಿತು. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಅದರ ಕೆಳಗೇ ಇನ್ನೊಂದು ಮಾತು: ದ್ರಾವಣದಲ್ಲಿ ಕತ್ತಿ ಅದ್ದಿ ನೋಡಿ, ಅಲಗು ಕೆಂಪಾದರೆ ಸುಣ್ಣ ಸಾಲದು. ಹುಡುಗ ಅದನ್ನು ಎರಡು ಸಲ ಓದಿದ. ಹೊರಡುವಾಗ ಅಕ್ಕ ಒಂದು ಕಥೆ ಪುಸ್ತಕ ಕೈಗಿಟ್ಟರು. "ಇದನ್ನೂ ತಗೊಂಡು ಹೋಗಪ್ಪ. ಮಳೆ ಬಿಡೋವರೆಗೆ ಮನೇಲೇ ಇರ್ತೀಯಲ್ಲ."

ಅವನು ಕಥೆ ಪುಸ್ತಕ ಕೇಳಿರಲಿಲ್ಲ. ಮುಂದಿನ ಸಲ ನಾನು ಹೋದಾಗ ಅದನ್ನು ವಾಪಸ್ ಕೊಟ್ಟು ಇನ್ನೊಂದನ್ನು ಹುಡುಕುತ್ತಿದ್ದ.

ಎಸ್.ಆರ್. ರಂಗನಾಥನ್ ಅಂತ ಒಬ್ಬರಿದ್ದರು. ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು. ಲೈಬ್ರರಿ ಹೇಗಿರಬೇಕು ಅಂತ 1931ರಲ್ಲಿ ಅವರು ಐದು ಸೂತ್ರ ಕೊಟ್ಟರು. ಅದರಲ್ಲಿ ಎರಡು: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ಈ ಎರಡನ್ನೂ ಜೋಡಿಸಲು ನಡುವೆ ಒಬ್ಬರು ಬೇಕು ಅಲ್ವಾ? ನಾನು ಓದಿದ ಹೈಸ್ಕೂಲಿನಲ್ಲಿ ಒಂದು ಗಾಜಿನ ಕಪಾಟಿತ್ತು, ತುಂಬಾ ಪುಸ್ತಕ ಇದ್ದವು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಮೂರು ವರ್ಷ ಕೇಳಿದೆ. ಸಿಗಲಿಲ್ಲ. ಗಾಜಿನಾಚೆಯ ಪುಸ್ತಕಗಳ ಹೆಸರು ಈಗಲೂ ನನಗೆ ಬಾಯಿಪಾಠ. ಒಳಗೆ ಏನಿತ್ತೋ ಗೊತ್ತಿಲ್ಲ.

ಕುವೆಂಪು ಅವರ ಕುಪ್ಪಳಿ, ಅನಂತಮೂರ್ತಿಯವರ ಮೇಳಿಗೆ, ನೀನಾಸಂ ನಾಟಕದವರ ಹೆಗ್ಗೋಡು ಅಂತ ನಮ್ಮ ಶಿವಮೊಗ್ಗ ಜಿಲ್ಲೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಲೇಬೇಕು. ಆದರೆ ಇವತ್ತು ಆ ಊರುಗಳ ಸುತ್ತಮುತ್ತಲ ಮಗುವಿನ ಕೈಗೆ ಪುಸ್ತಕ ಕೊಡುವವರು ಯಾರು? ಅದೇ ಪಂಚಾಯಿತಿ ಲೈಬ್ರರಿಯವರು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ 'ಓದುವ ಬೆಳಕು' ಅಂತ ಸರ್ಕಾರದ ಒಂದು ಕಾರ್ಯಕ್ರಮ ಶುರುವಾಯಿತು, ಮಕ್ಕಳಿಗೆ ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಆ ಮಕ್ಕಳನ್ನು ಕೂರಿಸಿಕೊಂಡು ಪುಸ್ತಕ ತೆರೆದು ತೋರಿಸಿದವರು ಈ ಮೇಲ್ವಿಚಾರಕರೇ. ಇವರಿಗೆ ಎಷ್ಟೋ ವರ್ಷ ಸಿಗುತ್ತಿದ್ದದ್ದು ಸಂಬಳ ಅಲ್ಲ, ಗೌರವಧನ. ನನಗೆ ಆ ಪದ ಕೇಳಿದರೇ ಬೇಜಾರು. ಬೇರೆ ಕೆಲಸಕ್ಕೆ ಸಂಬಳ, ಓದಿಸುವ ಕೆಲಸಕ್ಕೆ ಗೌರವಧನ ಯಾಕೆ?

ದುಡ್ಡೆಲ್ಲಿದೆ ಅಂತ ಕೇಳುತ್ತಾರೆ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ನೂರು ರೂಪಾಯಿ ಕಂದಾಯಕ್ಕೆ 6 ರೂಪಾಯಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದಿದ್ದು ಅದು. ಲೈಬ್ರರಿ ಮೆಟ್ಟಿಲು ಹತ್ತದವರೂ ಅದನ್ನು ಕಟ್ಟುತ್ತಿದ್ದೇವೆ.

ಹಾಗಾಗಿ ಕೇಳುವ ಹಕ್ಕು ನಮಗಿದೆ. ನಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಮಾತು ಮುಗಿದ ಮೇಲೆ ನಾನು ಎದ್ದು ನಿಂತು ಎರಡು ಪ್ರಶ್ನೆ ಕೇಳುತ್ತೇನೆ. ಈ ವರ್ಷ ಲೈಬ್ರರಿಗೆ ಹೊಸ ಪುಸ್ತಕ ಎಷ್ಟು ಬಂದವು? ಅಕ್ಕನಿಗೆ ಯಾವ ತಿಂಗಳವರೆಗಿನ ದುಡ್ಡು ಕೈ ಸೇರಿದೆ? ನಿಮ್ಮೂರಿನಲ್ಲಿ ನೀವೂ ಕೇಳಿ.