ಎರಡು ಸ್ವಿಚ್‌ಗಳ ನಡುವೆ ಸ್ಟ್ಯಾಟಿಕ್ ಮ್ಯಾಕ್: ಟ್ರಂಕ್ ಪೋರ್ಟನ್ನು ಮರೆಯಬೇಡಿ

ಸ್ನೇಹಿತರೇ, ಸಾಮಾನ್ಯವಾಗಿ ಸ್ವಿಚ್ಚಿಗೆ (ಜಾಲದ ಕಂಪ್ಯೂಟರ್‌ಗಳನ್ನು ಕೂಡಿಸುವ ಸಾಧನಕ್ಕೆ) ನಾವು ಏನನ್ನೂ ಹೇಳಿಕೊಡಬೇಕಿಲ್ಲ. ಒಳಬರುವ ಪ್ರತಿ ಫ್ರೇಮಿನ (ಡೇಟಾ ತುಣುಕಿನ) ಸೋರ್ಸ್ ಮ್ಯಾಕ್, ಅಂದರೆ ಕಳಿಸಿದ ನೆಟ್‌ವರ್ಕ್ ಕಾರ್ಡಿನ ವಿಳಾಸ ನೋಡಿ, ಅದು ಯಾವ ಪೋರ್ಟಿನಿಂದ ಬಂತೆಂದು ತಾನೇ ಬರೆದಿಟ್ಟುಕೊಳ್ಳುತ್ತದೆ. ಸಿಸ್ಕೋ ಕ್ಯಾಟಲಿಸ್ಟ್‌ನಲ್ಲಿ 300 ಸೆಕೆಂಡು ಆ ವಿಳಾಸದ ಸದ್ದಿಲ್ಲದಿದ್ದರೆ ಅಳಿಸಿಹಾಕುತ್ತದೆ. ಕೈಯಾರೆ, ಅಂದರೆ ಸ್ಟ್ಯಾಟಿಕ್ ಆಗಿ, ಬರೆಯುವ ಅಗತ್ಯ ಬರುವುದು, ಸೋರ್ಸ್ ಆಗಿ ಎಂದೂ ಕಾಣಿಸಿಕೊಳ್ಳದ ವಿಳಾಸಕ್ಕೆ.

ಹಲವು ಸರ್ವರ್‌ಗಳ ಗುಂಪು (ಕ್ಲಸ್ಟರ್) ಒಂದೇ ಐಪಿ ಹಂಚಿಕೊಂಡು ಕೆಲಸ ಮಾಡುವ ವಿಂಡೋಸ್ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸಿಂಗ್‌ನ ಮಲ್ಟಿಕಾಸ್ಟ್ ಮೋಡ್ (ಇಡೀ ಗುಂಪಿಗೆ ಒಂದೇ ಮ್ಯಾಕ್ ಬಳಸುವ ಬಗೆ) ಇದಕ್ಕೆ ಒಳ್ಳೆಯ ಉದಾಹರಣೆ. ಕ್ಲಸ್ಟರ್ ಐಪಿ 10.1.20.100 ಎಂದಿಟ್ಟುಕೊಳ್ಳಿ. ಅದರ ಮ್ಯಾಕ್ 03ಬಿಎಫ್.0ಎ01.1464: ಮೊದಲ ಎರಡು ಬೈಟ್ ಬದಲಾಗುವುದಿಲ್ಲ, ಉಳಿದ ನಾಲ್ಕು ಐಪಿಯ ಹೆಕ್ಸ್ ರೂಪ. ಸರ್ವರ್‌ಗಳು ಹೊರಗೆ ಕಳಿಸುವ ಫ್ರೇಮಿನ ಮೇಲೆ ಇರುವುದು ಅವುಗಳ ಸ್ವಂತ ಮ್ಯಾಕ್. ಕ್ಲಸ್ಟರ್ ಮ್ಯಾಕ್ ಎಆರ್‌ಪಿ (ಈ ಐಪಿಯ ಮ್ಯಾಕ್ ಯಾವುದೆಂದು ಕೇಳುವ ವಿಧಾನ) ಉತ್ತರದ ಒಳಗಷ್ಟೇ ಇರುತ್ತದೆ. ಸ್ವಿಚ್ ಕಲಿಯಲಾರದೆ ಆ ವಿಲ್ಯಾನ್‌ನ (ಸ್ವಿಚ್ಚಿನಲ್ಲಿ ಬೇರ್ಪಡಿಸಿದ ಉಪಜಾಲದ) ಎಲ್ಲ ಪೋರ್ಟಿಗೂ ಫ್ರೇಮ್ ಸುರಿಯುತ್ತದೆ.

ಎ ಸ್ವಿಚ್ಚಿನ 1 ಮತ್ತು 2ನೇ ಪೋರ್ಟಿನಲ್ಲಿ ಎರಡು ಸರ್ವರ್, ಬಿ ಸ್ವಿಚ್ಚಿನ 3ರಲ್ಲಿ ಇನ್ನೊಂದು, ನಡುವೆ ಟ್ರಂಕ್ (ಹಲವು ವಿಲ್ಯಾನ್ ಹೊರುವ, ಎರಡು ಸ್ವಿಚ್‌ಗಳ ನಡುವಿನ ಕೊಂಡಿ) ಆಗಿ ಪೋರ್ಟ್-ಚಾನೆಲ್ 1 (ಒಂದೇ ಎಂಬಂತೆ ಕೂಡಿಸಿದ ಹಲವು ಪೋರ್ಟ್). ಎ ಮೇಲೆ ಹೀಗೆ: ಮ್ಯಾಕ್ ಅಡ್ರೆಸ್-ಟೇಬಲ್ ಸ್ಟ್ಯಾಟಿಕ್ 03ಬಿಎಫ್.0ಎ01.1464 ವಿಲ್ಯಾನ್ 20 ಇಂಟರ್‌ಫೇಸ್, ಮುಂದೆ 1, 2 ಮತ್ತು ಪೋರ್ಟ್-ಚಾನೆಲ್ 1. ಬಿ ಮೇಲೆ ಅದೇ ಸಾಲು, ಪೋರ್ಟ್ 3 ಮತ್ತು ಪೋರ್ಟ್-ಚಾನೆಲ್ 1. ಎ ಮೇಲೆ ಬರೆದದ್ದು ಬಿಗೆ ತಾನಾಗಿ ಹೋಗುವುದಿಲ್ಲ. ಎರಡೂ ಕಡೆ ಟ್ರಂಕ್ ಬರೆದರೆ ಲೂಪ್ (ಫ್ರೇಮ್ ಕೊನೆಯಿಲ್ಲದೆ ಸುತ್ತುವುದು) ಆದೀತೆಂದು ಹಲವರು ಅಂಜುತ್ತಾರೆ. ಬಂದ ಪೋರ್ಟಿಗೇ ಸ್ವಿಚ್ ಫ್ರೇಮನ್ನು ಮರಳಿಸುವುದಿಲ್ಲ, ಹಾಗಾಗಿ ಆ ಭಯ ಬೇಡ.

ಎ ಮೇಲೆ ಟ್ರಂಕ್ ಬಿಟ್ಟುಹೋದರೆ? ಬಿ ಕಡೆಯ ಸರ್ವರಿಗೆ ಎ ಕಡೆಯ ಕ್ಲೈಂಟ್‌ಗಳ ಫ್ರೇಮೂ ಇಲ್ಲ, ಮಲ್ಟಿಕಾಸ್ಟ್ ಆಗಿ ಬರಬೇಕಾದ ಹಾರ್ಟ್‌ಬೀಟೂ (ಸರ್ವರ್‌ಗಳು ಪರಸ್ಪರ ಕಳಿಸುವ ‘ಇದ್ದೇನೆ’ ಸಂಕೇತ) ಇಲ್ಲ. ಕ್ಲಸ್ಟರ್ ಒಡೆಯಬಹುದು, ಇಲ್ಲವೇ ಕನ್ವರ್ಜಿಂಗ್ (ಸದಸ್ಯರು ಇನ್ನೂ ಒಮ್ಮತಕ್ಕೆ ಬರುತ್ತಿರುವ) ಸ್ಥಿತಿಯಲ್ಲೇ ನಿಲ್ಲಬಹುದು. ಆದರೆ ಆ ಸರ್ವರಿನ ಸ್ವಂತ ಐಪಿಗೆ ಪಿಂಗ್ ಚೆನ್ನಾಗಿಯೇ ಹೋಗುತ್ತದೆ, ಏಕೆಂದರೆ ಅದು ಸ್ವಿಚ್ ತಾನೇ ಕಲಿತ ಹಾದಿ. ಅದಕ್ಕೇ ಎಲ್ಲರೂ ದೋಷವನ್ನು ವಿಂಡೋಸ್‌ನಲ್ಲಿ ಹುಡುಕುತ್ತ ಕೂರುತ್ತಾರೆ. ನನ್ನ ಮಾತು ಕೇಳಿ, ಮೊದಲು ಎರಡೂ ಸ್ವಿಚ್‌ಗಳ ಟೇಬಲ್ ಪಕ್ಕಪಕ್ಕ ಇಟ್ಟು ನೋಡಿ.

ಪೋರ್ಟ್-ಚಾನೆಲ್ ಇದ್ದಲ್ಲಿ ಅದರ ಹೆಸರನ್ನೇ ಬರೆಯಿರಿ, ಒಳಗಿನ ಬಿಡಿ ಪೋರ್ಟ್‌ಗಳನ್ನಲ್ಲ. ಸ್ಪ್ಯಾನಿಂಗ್ ಟ್ರೀಯಡಿ (ಲೂಪ್ ತಡೆಯಲು ಹೆಚ್ಚುವರಿ ಹಾದಿಯನ್ನು ಮುಚ್ಚಿಡುವ ವ್ಯವಸ್ಥೆಯಡಿ) ಎರಡು ಬೇರೆ ಬೇರೆ ಅಪ್‌ಲಿಂಕ್ ಇದ್ದರೆ ಎರಡನ್ನೂ ಸೇರಿಸಿ. ಹಾದಿ ಬದಲಾದರೂ ಸ್ಟ್ಯಾಟಿಕ್ ನಮೂದು ಬದಲಾಗುವುದಿಲ್ಲ. ಬ್ಲಾಕ್ ಆದ ಪೋರ್ಟಿನಿಂದ ಹೇಗೂ ಫ್ರೇಮ್ ಹೊರಡದು. ಸರ್ವರಿನ ಕೇಬಲ್ ಬೇರೆ ಪೋರ್ಟಿಗೆ ಹಾಕುವ ಮುನ್ನ ಹೊಸ ಪೋರ್ಟನ್ನು ಪಟ್ಟಿಗೆ ಸೇರಿಸಿ.

ಗೇಟ್‌ವೇ (ಜಾಲದಿಂದ ಹೊರಹೋಗುವ ದಾರಿ) ಸಿಸ್ಕೋ ರೂಟರ್ ಆಗಿದ್ದರೆ ಅಲ್ಲಿ ಸ್ಟ್ಯಾಟಿಕ್ ಎಆರ್‌ಪಿಯೂ ಬೇಕು. ಯೂನಿಕಾಸ್ಟ್ (ಗುಂಪಿನದಲ್ಲದ, ಸಾಮಾನ್ಯ) ಐಪಿಗೆ ಮಲ್ಟಿಕಾಸ್ಟ್ ಮ್ಯಾಕ್ ಹೇಳುವ ಉತ್ತರವನ್ನು ಅದು ಸ್ವೀಕರಿಸುವುದಿಲ್ಲ.

ಎಲ್ಲ ಮುಗಿದ ಮೇಲೆ, ಅದೇ ವಿಲ್ಯಾನ್‌ನ ಆದರೆ ಕ್ಲಸ್ಟರಿಗೆ ಸೇರದ ಒಂದು ಪಿಸಿಯಲ್ಲಿ ವೈರ್‌ಶಾರ್ಕ್ (ಬರುವ ಫ್ರೇಮ್‌ಗಳನ್ನು ತೋರಿಸುವ ತಂತ್ರಾಂಶ) ತೆರೆಯಿರಿ. ಕ್ಲಸ್ಟರ್ ಮ್ಯಾಕ್‌ಗೆ ಹೋಗಬೇಕಾದ ಫ್ರೇಮ್ ಇನ್ನೂ ಅಲ್ಲಿಗೆ ಬರುತ್ತಿದ್ದರೆ, ಆ ಪಿಸಿ ಇರುವ ಸ್ವಿಚ್ಚಿನಲ್ಲಿ ನಮೂದು ಇಲ್ಲ, ಅಥವಾ ವಿಲ್ಯಾನ್ ಸಂಖ್ಯೆ ತಪ್ಪಾಗಿದೆ.