ಹಾಡುವ ಹುಡುಗಿಗೊಂದು ಪತ್ರಿಕೆ

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಒಂದು ಭಾನುವಾರ ನನ್ನ ಅಕ್ಕನ ಮಗಳು ಲ್ಯಾಪ್‌ಟಾಪ್ ತಬ್ಬಿಕೊಂಡು ಮನೆಗೆ ಬಂದಳು. ಬಿ.ಎ. ಓದುತ್ತಿದ್ದಾಳೆ, ಪತ್ರಿಕೋದ್ಯಮ ಒಂದು ವಿಷಯ. ಕಾಲೇಜಿನಲ್ಲಿ ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದೊಂದು ಪ್ರಾಯೋಗಿಕ ಪತ್ರಿಕೆ ಮಾಡಲು ಹೇಳಿದ್ದಾರಂತೆ. ಇವಳ ಗುಂಪು ಆರಿಸಿಕೊಂಡದ್ದು ಸಂಗೀತ ಪತ್ರಿಕೆ. ಓದುಗರು ಯಾರು ಅಂದರೆ ತಮ್ಮಂಥ ಹುಡುಗಿಯರೇ, 16ರಿಂದ 22ರ ಒಳಗಿನವರು. "ಚಿಕ್ಕಮ್ಮ, ಒಂಚೂರು ಪುಟ ನೋಡಿಕೊಡಿ" ಎಂದಳು. ನಾನು 20 ವರ್ಷದಿಂದ ಪತ್ರಿಕೆಗಳ ಪುಟ ಮಾಡುತ್ತಾ ಬಂದವಳು. ಖುಷಿಯಿಂದಲೇ ಕೂತೆ.

ಮುಖಪುಟ ತೆರೆದಳು. ಪೂರ್ತಿ ಗುಲಾಬಿ ಬಣ್ಣ. ಮೂಲೆಯಲ್ಲಿ ಹೃದಯದ ಚಿತ್ರಗಳು. ನಡುವೆ ಚರ್ಮದ ಜಾಕೆಟ್ ತೊಟ್ಟ ಒಬ್ಬ ಗಾಯಕ. ಒಳಗೆ ಆ ಗಾಯಕನ ಇಷ್ಟದ ತಿಂಡಿ, ಹಾಡು ಕೇಳುತ್ತಾ ಮುಖಕ್ಕೆ ಹಚ್ಚಿಕೊಳ್ಳುವ ಲೇಪ, ಯಾರ ಲೆಹೆಂಗಾ ಚೆನ್ನಾಗಿತ್ತು ಎನ್ನುವ ಎರಡು ಪುಟ.

"ಗುಲಾಬಿ ಬಣ್ಣ ಯಾಕೆ?" ಅಂತ ಕೇಳಿದೆ.

"ಹುಡುಗಿಯರದು ಅಲ್ವಾ, ಅದಕ್ಕೆ."

ಅವಳು ತಂದಿದ್ದ ಬ್ಯಾಗು ಕಡು ನೀಲಿ. ಫೋನಿನ ಕವರು ಕಪ್ಪು. ಗುಲಾಬಿ ಬಣ್ಣದ ಒಂದು ಎಳೆಯೂ ಅವಳ ಮೈಮೇಲೆ ಇರಲಿಲ್ಲ. ಅವಳು ತನಗಾಗಿ ಪುಟ ಮಾಡಿರಲಿಲ್ಲ. ಅಂಗಡಿಯಲ್ಲಿ ಹುಡುಗಿಯರಿಗೆ ಅಂತ ಏನೇನು ಇಟ್ಟಿರುತ್ತಾರೋ ಅದನ್ನು ನೆನಪಿಸಿಕೊಂಡು ಮಾಡಿದ್ದಳು.

ಲ್ಯಾಪ್‌ಟಾಪ್ ಮುಚ್ಚು ಅಂದೆ. ನೀನು ಹಾಡು ಹೇಗೆ ಕೇಳುತ್ತೀ, ಅದನ್ನು ಮೊದಲು ಹೇಳು ಅಂದೆ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾಳೆ. ಇಷ್ಟವಾದ ಹಾಡನ್ನು ಹತ್ತು ಸಲ ಕೇಳುತ್ತಾಳೆ. ಆಮೇಲೆ ಹಾಡುತ್ತಾಳೆ. ಹಾಡುವುದಕ್ಕೆ ಸಾಹಿತ್ಯ ಬೇಕಲ್ಲ? ಬ್ಯಾಗಿನಿಂದ ಒಂದು 200 ಪುಟದ ನೋಟ್‌ಬುಕ್ ತೆಗೆದಳು. ಅರ್ಧ ಪುಸ್ತಕ ಹಾಡು. ಕೈಯಲ್ಲಿ ಬರೆದದ್ದು. ಫೋನಿನಲ್ಲೇ ಸಿಗುತ್ತಲ್ಲ ಅಂದರೆ, "ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತೆ ಚಿಕ್ಕಮ್ಮ, ಹಾಲೋ ಹಾಳೋ ಗೊತ್ತಾಗಲ್ಲ" ಎಂದಳು.

ಎಷ್ಟು ನಿಜ! ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಹಾಡಿನಲ್ಲಿ ಲಕಾರ ಳಕಾರ ಒಂದೇ. ನಕಾರ ಣಕಾರ ಒಂದೇ. ಕಣ್ಣಿಗೆ ಹೇಗೋ ಸಾಗುತ್ತದೆ, ನಾಲಿಗೆಗೆ ಸಾಗುವುದಿಲ್ಲ.

ಅವಳ ನೋಟ್‌ಬುಕ್ ನೋಡಿ ನನಗೆ ನನ್ನದೇ ನೆನಪಾಯಿತು. ನಮ್ಮ ಕಾಲದಲ್ಲಿ ರೇಡಿಯೋದಲ್ಲಿ ಕೋರಿಕೆಯ ಹಾಡು ಬರುವಾಗ ಪೆನ್ಸಿಲ್ ಹಿಡಿದು ಕೂರುತ್ತಿದ್ದೆವು. ಮೊದಲ ಸಾಲು ಬರೆಯುವಷ್ಟರಲ್ಲಿ ಎರಡನೆಯದು ಹೋಗಿಬಿಡುತ್ತಿತ್ತು. ಅಲ್ಲೊಂದು ಗೀಟು ಎಳೆದು ಜಾಗ ಬಿಡುವುದು. ಮತ್ತೆ ಆ ಹಾಡು ಬರುವವರೆಗೂ ಕಾಯುವುದು. ಒಂದು ಚರಣ ತುಂಬಲು ನನಗೆ ಒಂದೊಂದು ಸಲ ತಿಂಗಳು ಹಿಡಿದದ್ದುಂಟು. ಟಾಕೀಸಿನ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರು, ತೆಳು ಕಾಗದದ್ದು. ಅದು ಸಿಕ್ಕಿದ ದಿನ ಹಬ್ಬ.

ಇದೇ ಹಸಿವನ್ನು ಹಿಡಿದು ಇಂಗ್ಲೆಂಡಿನಲ್ಲಿ ಒಂದು ಪತ್ರಿಕೆಯೇ ಎದ್ದು ನಿಂತಿತ್ತು. ಹೆಸರು ಸ್ಮ್ಯಾಶ್ ಹಿಟ್ಸ್. 1978ರಲ್ಲಿ ನಿಕ್ ಲೋಗನ್ ಎನ್ನುವವರು ಶುರು ಮಾಡಿದರು. ಅವರು ಅದಕ್ಕೂ ಮುಂಚೆ ಅಲ್ಲಿನ ದೊಡ್ಡ ಸಂಗೀತ ವಾರಪತ್ರಿಕೆಯೊಂದರ ಸಂಪಾದಕರಾಗಿದ್ದವರು. ಆದರೆ ಹೊಸ ಪತ್ರಿಕೆಯಲ್ಲಿ ಅವರು ಉದ್ದುದ್ದ ವಿಮರ್ಶೆಗೆ ಜಾಗ ಕೊಡಲಿಲ್ಲ. ಆಗ ಜನರ ಬಾಯಲ್ಲಿದ್ದ ಹಾಡುಗಳ ಸಾಹಿತ್ಯವನ್ನು ಪುಟ ತುಂಬ, ಬಣ್ಣದಲ್ಲಿ, ಪಕ್ಕದಲ್ಲಿ ಫೋಟೋ ಇಟ್ಟು ಅಚ್ಚು ಹಾಕಿದರು. ಎಳೆಯರು, ಅದರಲ್ಲೂ ಹುಡುಗಿಯರು ಅದನ್ನು ಅಪ್ಪಿಕೊಂಡರು. 2006ರಲ್ಲಿ ನಿಲ್ಲುವವರೆಗೂ ಆ ಪತ್ರಿಕೆ ಒಂದು ತಲೆಮಾರಿನ ಮಲಗುವ ಕೋಣೆಗಳ ಗೋಡೆ ತುಂಬಿತು. ಅಲ್ಲಿ ಬರೆಯುತ್ತಿದ್ದ ನೀಲ್ ಟೆನೆಂಟ್ ಆಮೇಲೆ ಪೆಟ್ ಶಾಪ್ ಬಾಯ್ಸ್ ಎಂಬ ಜೋಡಿಯ ಗಾಯಕನಾಗಿ ಅದೇ ಪುಟಗಳಲ್ಲಿ ಕಾಣಿಸಿಕೊಂಡರು.

ನನಗೆ ಆ ಕಥೆಯಲ್ಲಿ ಮುಖ್ಯ ಅನಿಸುವುದು ಒಂದೇ. ಹುಡುಗಿಯರು ಬರೀ ಗಾಯಕನ ಮುಖ ನೋಡುತ್ತಾರೆ ಅಂತ ದೊಡ್ಡವರು ಅಂದುಕೊಂಡಿರುತ್ತಾರೆ. ಅವರು ನೋಡುತ್ತಾರೆ, ನಿಜ. ಜೊತೆಗೇ ಹಾಡುತ್ತಾರೆ. ಹಾಗಾಗಿ ಅಕ್ಕನ ಮಗಳಿಗೆ ಹೇಳಿದೆ: ಮುಖಪುಟ ಆಮೇಲೆ ಮಾಡೋಣ, ಹಾಡಿನ ಪುಟದಿಂದ ಶುರು ಮಾಡು.

ಹಾಡಿನ ಪುಟ ಸುಲಭ ಅನಿಸುತ್ತದೆ. ಅಲ್ಲ. ಮೊದಲು ಅಕ್ಷರ. ಇಂಗ್ಲಿಷಿನಲ್ಲಿ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲಿನ ಅಂತರ ಸಾಕು. ಕನ್ನಡಕ್ಕೆ ಸಾಲುವುದಿಲ್ಲ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ. ಮೇಲಿನ ಸಾಲಿನ 'ಸ್ತ್ರೀ'ಯ ಒತ್ತು ಕೆಳಗಿನ ಸಾಲಿನ 'ಕೀ' ತಲೆಗೆ ತಾಗುತ್ತದೆ. ನಾನು 10ಕ್ಕೆ 15 ಕೊಡುತ್ತೇನೆ, ಹಾಡಾದರೆ 16. ಇನ್ನೊಂದು ತೊಂದರೆ ಯೂನಿಕೋಡ್ ಅಕ್ಷರ ಬಳಸುವ ಮಕ್ಕಳಿಗೆಲ್ಲ ಬರುತ್ತದೆ. ಪುಟ ಮಾಡುವ ಇನ್‌ಡಿಸೈನ್ ತಂತ್ರಾಂಶದಲ್ಲಿ ಕನ್ನಡ ತಂದು ಹಾಕಿದರೆ ಒತ್ತುಗಳೆಲ್ಲ ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತವೆ. 'ಅತ್ತೆ' ಹೋಗಿ 'ಅತ್‌ತೆ' ಆಗುತ್ತದೆ. ವರ್ಲ್ಡ್ ರೆಡಿ ಕಂಪೋಸರ್ ಅಂತ ಒಂದು ಆಯ್ಕೆ ಇದೆ, ಅದನ್ನು ಒತ್ತಿದರೆ ಸರಿಹೋಗುತ್ತದೆ. ಇವಳು ಅದು ಗೊತ್ತಿಲ್ಲದೆ ಮೂರು ದಿನ ಕೂತು ತಲೆಬರಹಗಳನ್ನೆಲ್ಲ ಚಿತ್ರ ಮಾಡಿ ಅಂಟಿಸಿದ್ದಳು. ಪಾಪ. ಈಗ 'ಅನೇಕ್', 'ಬಾಲೂ ತಮ್ಮ' ಎಂಬ ಹೆಸರಿನ ಒಳ್ಳೆಯ ಕನ್ನಡ ಅಕ್ಷರಗಳು ಉಚಿತವಾಗಿ ಸಿಗುತ್ತವೆ. ತಲೆಬರಹಕ್ಕೆ ಉರುಟು ಉರುಟಾದ ಬಾಲೂ, ಹಾಡಿಗೆ ತೆಳುವಾದ ಅನೇಕ್. ಎರಡು ಸಾಕು. ಏಳು ಬಗೆ ಅಕ್ಷರ ಹಾಕಿದರೆ ಸಂತೆ ಆಗುತ್ತದೆ.

ಆಮೇಲೆ ಕೈ. ಹಾಡುವವಳ ಕೈ ಎಲ್ಲಿರುತ್ತದೆ? ಗಿಟಾರ್ ಮೇಲೆ, ಹಾರ್ಮೋನಿಯಂ ಮೇಲೆ, ಇಲ್ಲ ತೊಡೆ ಮೇಲೆ ತಾಳ ಹಾಕುತ್ತಾ ಇರುತ್ತದೆ. ಪುಟ ತಿರುಗಿಸಲು ಮೂರನೆಯ ಕೈ ಇಲ್ಲ. ಅದಕ್ಕೇ ಒಂದು ಹಾಡು ಎದುರುಬದುರು ಪುಟದಲ್ಲೇ ಮುಗಿಯಬೇಕು. ಅಂದರೆ ಹಾಡು ಯಾವಾಗಲೂ ಎಡಪುಟದಲ್ಲಿ, ಸರಿಸಂಖ್ಯೆಯ ಪುಟದಲ್ಲಿ ಶುರುವಾಗಬೇಕು. ಇನ್ನು ಪತ್ರಿಕೆ ತಾನಾಗಿ ಬಿಚ್ಚಿಕೊಂಡು ನೆಲದ ಮೇಲೆ ಮಲಗಬೇಕು. ಬೆನ್ನಿಗೆ ಗೋಂದು ಹಾಕಿ ಅಂಟಿಸಿದ ಪುಸ್ತಕ ಮಲಗುವುದಿಲ್ಲ, ಮಡಚಿಕೊಳ್ಳುತ್ತದೆ. ನಡುವೆ ಪಿನ್ ಹೊಡೆದದ್ದು ಮಲಗುತ್ತದೆ. ಪಿನ್ ಹೊಡೆಯುವುದಾದರೆ ಪುಟದ ಲೆಕ್ಕ ನಾಲ್ಕು ನಾಲ್ಕರಲ್ಲಿ ಇರಬೇಕು. ಎ4 ಅಳತೆಯ 8 ಹಾಳೆ ನಡುವೆ ಮಡಚಿದರೆ 32 ಪುಟ. ಬ್ಯಾಗಿನಲ್ಲಿ ನೋಟ್‌ಬುಕ್ ಪಕ್ಕ ಕೂರುವ ಅಳತೆ. ಹಾಗೆ ಮಾಡಿದಾಗ 16 ಮತ್ತು 17ನೇ ಪುಟ ಮಾತ್ರ ಒಂದೇ ಹಾಳೆಯ ಎರಡು ಅರ್ಧ. ಬೇರೆ ಎಲ್ಲ ಕಡೆ ಎಡಪುಟ ಒಂದು ಹಾಳೆಯದು, ಬಲಪುಟ ಇನ್ನೊಂದರದ್ದು. ದೊಡ್ಡ ಫೋಟೋ ನಡುವೆ ಇಟ್ಟರೆ ಮುಖ ಸೀಳುವುದಿಲ್ಲ, ಪಿನ್ ಬಿಚ್ಚಿ ಗೋಡೆಗೂ ಅಂಟಿಸಬಹುದು.

ಈಗ ನನಗೆ ಬಹಳ ಇಷ್ಟದ ಮಾತು. ಶ್ರುತಿ. ಅಂದರೆ ಹಾಡಿಗೆ ಆಧಾರವಾದ ಸ್ವರ, ಹಾರ್ಮೋನಿಯಂನ ಬಿಳಿ ಮನೆಗಳನ್ನು ಎಣಿಸಿ ಒಂದು, ಎರಡು ಅಂತ ಹೇಳುತ್ತಾರಲ್ಲ, ಅದು.

ಯಾವುದೇ ಹಾಡಿನ ಪುಸ್ತಕ ತೆಗೆಯಿರಿ, ಗಿಟಾರ್ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು ಬರೆದಿದ್ದರೆ ಸಾಮಾನ್ಯವಾಗಿ ಮೂಲ ಗಾಯಕನ ಶ್ರುತಿಗೇ ಬರೆದಿರುತ್ತಾರೆ. ಗಾಯಕ ಗಂಡಸಾದರೆ ಅದು ಒಂದರ ಆಚೀಚೆ ಇರಬಹುದು. ಕರ್ನಾಟಕ ಸಂಗೀತ ಕಲಿಯುವ ಹೆಣ್ಣುಮಕ್ಕಳದು ಸಾಮಾನ್ಯವಾಗಿ ಐದರ ಆಚೀಚೆ. ಹುಡುಗಿ ಆ ಪುಸ್ತಕ ನೋಡಿ ಹಾಡಲು ಹೋಗುತ್ತಾಳೆ, ಪಲ್ಲವಿಯಲ್ಲಿ ದನಿ ಕೆಳಗೆ ಸಿಗುವುದಿಲ್ಲ, ಮೇಲಿನ ಸ್ಥಾಯಿ ಹಿಡಿದರೆ ಚರಣದಲ್ಲಿ ಕಿರುಚಬೇಕಾಗುತ್ತದೆ. ತನಗೆ ಹಾಡಲು ಬರುವುದಿಲ್ಲ ಅಂದುಕೊಂಡು ಮುಚ್ಚಿಡುತ್ತಾಳೆ. ತಪ್ಪು ಅವಳದಲ್ಲ, ಪುಟದ್ದು. ಪ್ರತಿ ಹಾಡಿನ ತಲೆಯ ಮೇಲೆ ಎರಡು ಶ್ರುತಿ ಕೊಡು ಅಂದೆ, ಹಾಡಿದವರದು ಒಂದು, ನಿನ್ನ ಗೆಳತಿಯರಿಗೆ ಒಗ್ಗುವುದು ಒಂದು. ಕಾರ್ಡನ್ನು ಎರಡನೆಯದಕ್ಕೆ ಬರೆ. ಎಲ್ಲ ಹೆಣ್ಣು ದನಿಯೂ ಐದಕ್ಕೇ ಕೂರುತ್ತದೆ ಅಂತಲ್ಲ. ಗಂಗೂಬಾಯಿ ಹಾನಗಲ್ ಅವರ ದನಿ ನೆನಪಿಸಿಕೊಳ್ಳಿ, ಗಂಟಲಿನ ಆಪರೇಷನ್ ಆದ ಮೇಲೆ ಅದೆಷ್ಟು ಆಳಕ್ಕೆ ಇಳಿದಿತ್ತು. ಅದಕ್ಕೇ ಪಕ್ಕದಲ್ಲಿ ಒಂದು ಸಣ್ಣ ಚೌಕ ಖಾಲಿ ಬಿಡು, ಅವಳವಳ ಶ್ರುತಿ ಅವಳೇ ಬರೆದುಕೊಳ್ಳಲಿ. ಒಂದು ಪತ್ರಿಕೆ ಹುಡುಗಿಗಾಗಿಯೇ ಮಾಡಿದ್ದು ಅಂತ ಹೇಳಲು ಆ ಚೌಕ ಸಾಕು.

ಹಾಡಿನ ಸಾಹಿತ್ಯವನ್ನು ಹಾಗೇ ಸುಮ್ನೆ ಅಚ್ಚು ಹಾಕುವಂತಿಲ್ಲ ಎನ್ನುವುದೂ ಮಕ್ಕಳಿಗೆ ಗೊತ್ತಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಈಗಿನ ಹಾಡಾದರೆ ಅನುಮತಿ ಕೇಳಿ ಪತ್ರ ಬರೆಯಬೇಕು. ಆದರೆ ಅಕ್ಕಮಹಾದೇವಿಯ ವಚನಕ್ಕೆ, ದಾಸರ ಪದಕ್ಕೆ, 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ತತ್ವಪದಕ್ಕೆ ಆ ಕಟ್ಟು ಇಲ್ಲ. ಊರಲ್ಲಿ ಅಜ್ಜಿ ಹೇಳುವ ಬೀಸುವ ಪದ ಇದೆಯಲ್ಲ, ಅದನ್ನು ಬರೆದುಕೊಂಡು ಬಾ, ಕೆಳಗೆ ಅಜ್ಜಿ ಹೆಸರು ಹಾಕು ಅಂದೆ. ಅವಳ ಕಣ್ಣು ಅರಳಿತು.

ಮುಖಪುಟಕ್ಕೆ ಬರುವಾಗ ರಾತ್ರಿ ಒಂಬತ್ತಾಗಿತ್ತು. ಇಲ್ಲಿ ನಾನು ನನ್ನ ಒಂದು ನೋವಿನ ಸಂಗತಿ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ವೀಣೆಯ ಕಲಾವಿದೆಯ ಸಂದರ್ಶನಕ್ಕೆ ಪುಟ ಮಾಡಿದೆ. ಕೊನೆ ಗಳಿಗೆಯಲ್ಲಿ ಜಾಹೀರಾತು ಬಂತು. ಫೋಟೋ ಕತ್ತರಿಸು ಅಂದರು. ಅಡ್ಡಕ್ಕಿದ್ದ ಫೋಟೋವನ್ನು ಉದ್ದಕ್ಕೆ ಕತ್ತರಿಸಿದೆ. ಅವರ ಮುಖ, ಸರ, ಸೀರೆಯ ಅಂಚು ಉಳಿಯಿತು. ವೀಣೆಯ ದಂಡಿ ಹೋಯಿತು, ಮೀಟುವ ಬೆರಳೂ ಹೋಯಿತು. ಮಾರನೆಯ ದಿನ ಅವರು ಫೋನ್ ಮಾಡಿದರು. ಬೈಯಲಿಲ್ಲ. "ನನ್ನ ವೀಣೆ ಎಲ್ಲಮ್ಮಾ?" ಅಂತ ಕೇಳಿದರು. ನನಗೆ ಉತ್ತರ ಇರಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ನಾನು ಯಾವ ಕಲಾವಿದೆಯ ಫೋಟೋದಲ್ಲೂ ಬೆರಳನ್ನು ಕತ್ತರಿಸಿಲ್ಲ.

ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 2012ರಲ್ಲಿ ಫ್ಯಾಬಿ ರೇನಾ ಎಂಬ ಗಿಟಾರ್ ವಾದಕಿ ಶೀ ಶ್ರೆಡ್ಸ್ ಅಂತ ಒಂದು ಪತ್ರಿಕೆ ಶುರು ಮಾಡಿದರು. ಪೂರ್ತಿ ಗಿಟಾರ್, ಬೇಸ್ ನುಡಿಸುವ ಹೆಂಗಸರಿಗಾಗಿ. ಗಿಟಾರ್ ಪತ್ರಿಕೆಗಳಲ್ಲಿ ಹೆಣ್ಣು ಅಂದರೆ ಜಾಹೀರಾತಿನ ಅಲಂಕಾರ ಎಂಬಂತೆ ಇದ್ದದ್ದನ್ನು ನೋಡಿ ಬೇಸತ್ತು ಮಾಡಿದ್ದು. 2018ರಲ್ಲಿ ಫೆಂಡರ್ ಗಿಟಾರ್ ಕಂಪನಿಯೇ ಸಮೀಕ್ಷೆ ಮಾಡಿಸಿ, ಅಮೆರಿಕ, ಬ್ರಿಟನ್‌ಗಳಲ್ಲಿ ಹೊಸದಾಗಿ ಗಿಟಾರ್ ಹಿಡಿಯುವವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು ಎಂದು ಹೇಳಿತು. ನಮ್ಮಲ್ಲೂ ಹುಡುಕುವ ಕಷ್ಟವಿಲ್ಲ. ಬೆಂಗಳೂರಿನಲ್ಲೇ ಸುಕನ್ಯಾ ರಾಮಗೋಪಾಲ್ ಇದ್ದಾರೆ. ಘಟ ಹೆಣ್ಣುಮಕ್ಕಳ ಕೈಗೆ ಕಷ್ಟ ಎನ್ನುತ್ತಿದ್ದ ಕಾಲದಲ್ಲಿ ಘಟ ಕಲಿತವರು. 1995ರಲ್ಲಿ ಹೆಂಗಸರದ್ದೇ ತಾಳವಾದ್ಯ ತಂಡ ಕಟ್ಟಿದರು, ಸ್ತ್ರೀ ತಾಳ ತರಂಗ್. ಆರೇಳು ಘಟಗಳನ್ನು ಬೇರೆ ಬೇರೆ ಶ್ರುತಿಗೆ ಇಟ್ಟುಕೊಂಡು ರಾಗವನ್ನೇ ನುಡಿಸುತ್ತಾರೆ. ಅವರನ್ನು ಭೇಟಿ ಮಾಡಲು ಕೇಳಿ ನೋಡು ಅಂದೆ. ಮುಖಪುಟಕ್ಕೆ ಕೈ ಮತ್ತು ಘಟ, ಹತ್ತಿರದಿಂದ. ಮಣ್ಣಿನ ಮೇಲೆ ಬೆರಳು.

ಆಗ ಬಣ್ಣವೂ ತಾನಾಗಿ ಬಂತು. ಘಟದ ಇಟ್ಟಿಗೆ ಕೆಂಪು. ಅದಕ್ಕೆ ಜೊತೆಯಾಗಿ ಅವಳ ಬ್ಯಾಗಿನ ಕಡು ನೀಲಿ. ಲ್ಯಾಪ್‌ಟಾಪಿನಲ್ಲಿ ಝಗಝಗಿಸುವ ಗುಲಾಬಿ ಹೇಗೂ ಪ್ರೆಸ್ಸಿನ ನಾಲ್ಕು ಶಾಯಿಯಲ್ಲಿ ಮಂಕಾಗಿಯೇ ಬರುತ್ತದೆ. ಅಕ್ಷರಕ್ಕೆ ಮಾತ್ರ ಬರೀ ಕಪ್ಪು ಶಾಯಿ. ನಾಲ್ಕೂ ಶಾಯಿ ಬೆರೆಸಿದ ಕಪ್ಪು ಹಾಕಿದರೆ, ಅಚ್ಚು ಒಂದು ಕೂದಲಷ್ಟು ಸರಿದರೂ ಒತ್ತಕ್ಷರಕ್ಕೆ ನೆರಳು ಬಂದುಬಿಡುತ್ತದೆ.

ಊಟ ಮುಗಿಸಿ ಡಮ್ಮಿ, ಅಂದರೆ ಮಾದರಿ ಪ್ರತಿ ಮಾಡಿದೆವು. ಹಳೆಯ ಪ್ರಿಂಟ್ ಹಾಳೆಗಳ ಖಾಲಿ ಬೆನ್ನಿನ ಮೇಲೆ ಪುಟಗಳನ್ನು ಮುದ್ರಿಸಿ, ಎರಡೆರಡನ್ನು ಬೆನ್ನಿಗೆ ಬೆನ್ನು ಅಂಟಿಸಿ, ಮಡಚಿ, ನಡುವೆ ಎರಡು ಪಿನ್ ಹೊಡೆದೆವು. ಪಿನ್ನರ್ ನಡುವಿಗೆ ಎಟುಕಲಿಲ್ಲ. ಪತ್ರಿಕೆಯ ಕೆಳಗೆ ರಟ್ಟು ಇಟ್ಟು, ಪಿನ್ನರ್ ಬಿಚ್ಚಿ ಒತ್ತಿ, ತುದಿಗಳನ್ನು ಚಮಚದ ಹಿಡಿಯಿಂದ ಮಡಚಿದಳು.

ಹಜಾರದಲ್ಲಿ ನೆಲದ ಮೇಲೆ ಕೂತು ಡಮ್ಮಿಯನ್ನು ಮುಂದೆ ಮಲಗಿಸಿ ಹಾಡತೊಡಗಿದಳು. ಐದೂವರೆ ಶ್ರುತಿ. ಅವಳ ಅಜ್ಜಿ, ಅಂದರೆ ನನ್ನ ಅಮ್ಮ, ಹಾಸಿಗೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ಎರಡು ಚರಣ ಸರಾಗವಾಗಿ ಹೋಯಿತು. ಮೂರನೆಯದರ ನಡುವೆ ದನಿ ನಿಂತಿತು. ಕೊನೆಯ ಎರಡು ಸಾಲು ಹಾಳೆಯ ಹಿಂಬದಿಗೆ ಹೋಗಿದ್ದವು. ಬಾಗಿಲಲ್ಲಿದ್ದ ಅಮ್ಮ ಆ ಎರಡು ಸಾಲನ್ನು ತಾವೇ ಹಾಡಿ ಮುಗಿಸಿದರು. ಇವಳು ಪೆನ್ಸಿಲ್ ತೆಗೆದುಕೊಂಡು ಪುಟದ ಅಂಚಿನಲ್ಲಿ ಬರೆದಳು: "ಇಲ್ಲಿ ತಿರುಗಬಾರದು."

ನಮಸ್ಕಾರ.